ಅಡುಗೆಮನೆ ಸಾಕೆಟ್ ಬದಲಿಸಿದ ಮೇಲೆ ದೇವರಮನೆ ದೀಪ ಹತ್ತುತ್ತಿಲ್ಲ, ಗ್ರೈಂಡರ್ ಮುಟ್ಟಿದರೆ ಶಾಕ್

ಹಳೇಮನೆ_ಸಾಗರ

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರದ ಹತ್ತಿರದ ಹಳ್ಳಿಯಲ್ಲಿ ಹಂಚಿನ ಮನೆ. ಮಾವನವರು 1980ರ ದಶಕದಲ್ಲಿ ವೈರಿಂಗ್ ಮಾಡಿಸಿದ್ದು. ಗೋಡೆ ಮೇಲೆ ಮರದ ಪಟ್ಟಿ ಹೊಡೆದು ಅದರೊಳಗೆ ವೈರ್ ಎಳೆದಿದ್ದಾರೆ, ಬೋರ್ಡ್‌ಗಳೂ ಮರದ್ದೇ. ಅಡುಗೆಮನೆಯಲ್ಲಿ ಇದ್ದದ್ದು ಒಂದೇ ಒಂದು ಚಿಕ್ಕ ಮೂರು ಪಿನ್ ಸಾಕೆಟ್. ಮಿಕ್ಸಿಗೂ ಅದೇ, ಗ್ರೈಂಡರ್‌ಗೂ ಅದೇ, ಗ್ಯಾಸ್ ಖಾಲಿಯಾದಾಗ ಇಂಡಕ್ಷನ್ ಒಲೆಗೂ ಅದೇ. ಇಂಡಕ್ಷನ್‌ನ ದಪ್ಪ ಪಿನ್ ಹಿಡಿಯುವುದಿಲ್ಲ ಅಂತ ನಡುವೆ ಒಂದು ಕನ್ವರ್ಟರ್.

ಈ ಮಳೆಗಾಲದಲ್ಲಿ ಅಡುಗೆಮನೆಯಲ್ಲಿ ಮೀನಿನ ವಾಸನೆ ಬರೋಕೆ ಶುರುವಾಯಿತು. ನಮ್ಮ ಮನೆಯಲ್ಲಿ ಮೀನು ತರುವುದೇ ಇಲ್ಲ. ಹುಡುಕಿದರೆ ವಾಸನೆ ಸಾಕೆಟ್‌ನಿಂದ ಬರುತ್ತಿದೆ, ಬಲಗಡೆ ತೂತಿನ ಸುತ್ತ ಪ್ಲಾಸ್ಟಿಕ್ ಕಂದು ತಿರುಗಿ ಉಬ್ಬಿಕೊಂಡಿದೆ. ಊರಿನಲ್ಲಿ ಮೋಟರ್ ರಿಪೇರಿ ಮಾಡುವ ಹುಡುಗನನ್ನು ಕರೆಸಿ, ಹಳೇದು ತೆಗೆಸಿ, ದಪ್ಪ ಪಿನ್ನೂ ಸಣ್ಣ ಪಿನ್ನೂ ಎರಡೂ ಹಿಡಿಯುವ ಹೊಸ 16 ಆಂಪ್ ಸಾಕೆಟ್ ಹಾಕಿಸಿದೆವು. ಮಿಕ್ಸಿ ಓಡಿತು, ಇಂಡಕ್ಷನ್ ಓಡಿತು, ಅವನು ಹೊರಟು ಹೋದ.

ಸಂಜೆ ಅತ್ತೆ ದೇವರಮನೆ ಲೈಟ್ ಹಾಕಿದರೆ ಹತ್ತಲಿಲ್ಲ. ಬಲ್ಬ್ ಬದಲಿಸಿದರೂ ಇಲ್ಲ. ಸ್ವಿಚ್ ಹಾಗೇ ಬಿಟ್ಟು ದೋಸೆ ಹಿಟ್ಟು ರುಬ್ಬೋಣ ಅಂತ ಗ್ರೈಂಡರ್ ಪ್ಲಗ್ ಹಾಕಿ ಸ್ಟೀಲ್ ಡ್ರಮ್ ಮುಟ್ಟಿದರೆ ಕೈ ಜುಂ ಅಂತು. ಟೆಸ್ಟರ್ ಇಟ್ಟು ನೋಡಿದೆ, ಮೇಲಿನ ದೊಡ್ಡ ತೂತಿನಲ್ಲಿ, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ತ್ ತೂತಿನಲ್ಲಿ, ಟೆಸ್ಟರ್ ಉರಿಯುತ್ತಿದೆ. ಹುಡುಗನನ್ನು ಕೇಳಿದರೆ "ನಾನು ಹಸಿರು ವೈರ್‌ನ ಅರ್ತ್‌ಗೇ ಹಾಕಿದ್ದೀನಿ ಅಕ್ಕಾ, ಕೆಂಪು ಕಪ್ಪು ಎಲ್ಲಾ ಸರಿಯಾಗಿದೆ" ಅನ್ನುತ್ತಾನೆ. ಹೌದು, ಬಣ್ಣ ಎಲ್ಲಾ ಸರಿಯಾಗೇ ಇದೆ, ನಾನೇ ನೋಡಿದೆ. ಹಾಗಾದರೆ ತೊಂದರೆ ಎಲ್ಲಿ?

ಮನೆಯಲ್ಲಿ ಎಂಸಿಬಿ (ಹೆಚ್ಚು ಕರೆಂಟ್ ಹರಿದರೆ ತಾನಾಗೇ ಬೀಳುವ ಸ್ವಿಚ್) ಇಲ್ಲ, ಹಳೇ ಪಿಂಗಾಣಿ ಫ್ಯೂಸ್. ಯುಪಿಎಸ್ ಒಂದಿದೆ.

ವೈರ್‌ಮನ್_ದಾವಣಗೆರೆ

ಅಕ್ಕಾ, ಮೊದಲು ಆ ಸಾಕೆಟ್‌ನಲ್ಲಿ ಏನನ್ನೂ ಹಾಕಬೇಡಿ. ಗ್ರೈಂಡರ್ ಅಂತೂ ಬೇಡವೇ ಬೇಡ. ಸಾಕೆಟ್ ಮೇಲೆ ಅಗಲವಾದ ಟೇಪ್ ಹಚ್ಚಿಬಿಡಿ, ಮನೆಯಲ್ಲಿ ಬೇರೆಯವರು ಮರೆತು ಪ್ಲಗ್ ಹಾಕದ ಹಾಗೆ.

ನನಗೆ ಒಂದು ಅನುಮಾನ ಇದೆ, ಆದರೆ ನೋಡದೆ ಹೇಳುವುದಿಲ್ಲ. ಒಂದು ಸಣ್ಣ ಪರೀಕ್ಷೆ ಮಾಡಿ. ಟೆಸ್ಟರನ್ನು ಮೊದಲು ಕರೆಂಟ್ ಇರುವುದು ಗ್ಯಾರಂಟಿ ಇರುವ ಬೇರೆ ಪ್ಲಗ್‌ನಲ್ಲಿ ಇಟ್ಟು ಉರಿಯುತ್ತಾ ನೋಡಿ. ಆಮೇಲೆ ಅಡುಗೆಮನೆ ಸಾಕೆಟ್‌ನ ಮೇಲಿನ ತೂತಿನಲ್ಲಿ ಇಡಿ. ದೇವರಮನೆ ಲೈಟಿನ ಸ್ವಿಚ್ ಆನ್ ಇದ್ದಾಗ ಏನಾಗುತ್ತೆ, ಆಫ್ ಮಾಡಿದಾಗ ಏನಾಗುತ್ತೆ, ಎರಡೂ ನೋಡಿ ಹೇಳಿ. ಕೊನೆಗೆ ಮತ್ತೆ ಆ ಗ್ಯಾರಂಟಿ ಪ್ಲಗ್‌ನಲ್ಲಿ ಟೆಸ್ಟರ್ ಇಟ್ಟು ನೋಡಿ. ಟೆಸ್ಟರ್ ಒಳಗಿನ ಬಲ್ಬ್ ಯಾವಾಗ ಕೈಕೊಡುತ್ತೆ ಅಂತ ಹೇಳೋಕಾಗಲ್ಲ. ಕೆಟ್ಟ ಟೆಸ್ಟರ್ ನಂಬಿ ವೈರ್ ಮುಟ್ಟುವುದು ನಮ್ಮ ಕೆಲಸದಲ್ಲಿ ಬಹಳ ದೊಡ್ಡ ಅಪಾಯ.

ಇನ್ನೊಂದು ಮಾತು. ಹೊಸ ಸಾಕೆಟ್‌ಗಳಲ್ಲಿ ಕೆಳಗಿನ ಎರಡು ತೂತಿಗೆ ಒಳಗೆ ಮುಚ್ಚಳ ಇರುತ್ತೆ, ಮೇಲಿನ ಪಿನ್ ಒಳಗೆ ಹೋದಾಗ ಮಾತ್ರ ತೆರೆಯುತ್ತೆ. ಟೆಸ್ಟರ್ ಹೋಗಲ್ಲ ಅಂತ ಎಷ್ಟೋ ಜನ ಮೇಲಿನ ತೂತಿಗೆ ಇನ್ನೊಂದು ಸ್ಕ್ರೂಡ್ರೈವರ್ ಚುಚ್ಚಿ ಮುಚ್ಚಳ ತೆರೆಯುತ್ತಾರೆ. ನಿಮ್ಮಲ್ಲಿ ಆ ಮೇಲಿನ ತೂತಿನಲ್ಲೇ ಕರೆಂಟ್ ಇದೆ. ದಯವಿಟ್ಟು ಹಾಗೆ ಮಾಡಬೇಡಿ.

ಹಳೇ ಸಾಕೆಟ್ ಬಿಚ್ಚುವಾಗ ಯಾವ ವೈರ್ ಎಲ್ಲಿತ್ತು ಅಂತ ಗೊತ್ತಾ?

ಸ್ವಂತಕೆಲಸ

ಹಳೇ ಮನೆಗಳಲ್ಲಿ ಅರ್ತ್ ಇರುವುದೇ ಇಲ್ಲ ಮೇಡಂ. ಇದಕ್ಕೆ ಸುಲಭದ ದಾರಿ ಇದೆ. ಆ ಹಸಿರು ವೈರ್ ತೆಗೆದು ಟೇಪ್ ಸುತ್ತಿ, ಸಾಕೆಟ್ ಹಿಂದೆ ನ್ಯೂಟ್ರಲ್‌ನಿಂದ (ಕರೆಂಟ್ ವಾಪಸ್ ಹೋಗುವ ವೈರ್) ಅರ್ತ್ ಪಿನ್‌ಗೆ ಒಂದು ತುಂಡು ವೈರ್ ಲಿಂಕ್ ಕೊಟ್ಟುಬಿಡಿ. ಶಾಕ್ ನಿಲ್ಲುತ್ತೆ. ನಮ್ಮ ಮನೆಯಲ್ಲಿ ಎಲ್ಲಾ ಪ್ಲಗ್‌ಗೂ ಹಾಗೇ ಇದೆ, ಇವತ್ತಿನವರೆಗೆ ಏನೂ ಆಗಿಲ್ಲ.

ಐಟಿಐ_ಮೇಷ್ಟ್ರು

ಮೇಲಿನ ಸಲಹೆಯನ್ನು ದಯವಿಟ್ಟು ಯಾರೂ ಪಾಲಿಸಬೇಡಿ. ಬರೆದವರ ಮೇಲೆ ನನಗೆ ಸಿಟ್ಟಿಲ್ಲ, ಊರೂರಲ್ಲೂ ಇದನ್ನು ಮಾಡಿರುವುದನ್ನು ನೋಡಿದ್ದೇನೆ. ಆದರೆ ಇದು ಜೀವ ತೆಗೆಯುವ ಕೆಲಸ. ಹೇಗೆ ಅಂತ ಹೇಳುತ್ತೇನೆ.

ಲಿಂಕ್ ಕೊಟ್ಟಾಗ ಗ್ರೈಂಡರ್, ಫ್ರಿಜ್ ಎಲ್ಲದರ ಲೋಹದ ಮೈ ನ್ಯೂಟ್ರಲ್ ವೈರ್‌ಗೆ ಅಂಟಿಕೊಳ್ಳುತ್ತದೆ. ನ್ಯೂಟ್ರಲ್ ಸರಿ ಇರುವವರೆಗೆ ಏನೂ ಗೊತ್ತಾಗುವುದಿಲ್ಲ. ಎಲ್ಲೋ ಒಂದು ಕಡೆ ನ್ಯೂಟ್ರಲ್ ಕಡಿಯಿತು ಅನ್ನಿ. ಮಲೆನಾಡಿನಲ್ಲಿ ಮಳೆಗಾಲ ಬಂದರೆ ಮರ ಬಿದ್ದು ಲೈನ್ ಹರಿಯುವುದು ಹೊಸದೇನಲ್ಲ, ಮೀಟರ್ ಹತ್ತಿರದ ಒಂದು ಸ್ಕ್ರೂ ಸಡಿಲವಾದರೂ ಅದೇ ಕಥೆ. ಆಗ ಮನೆಯಲ್ಲಿ ಆನ್ ಇರುವ ಯಾವುದೋ ಫ್ಯಾನ್, ಬಲ್ಬ್ ಒಳಗಿಂದ ಫೇಸ್, ಅಂದರೆ ಲೈನಿನಿಂದ ಬರುವ ಕರೆಂಟ್, ಹಾದು ನ್ಯೂಟ್ರಲ್ ವೈರ್‌ಗೆ ಬರುತ್ತದೆ, ಅಲ್ಲಿಂದ ನಿಮ್ಮ ಲಿಂಕ್ ಹಿಡಿದು ಫ್ರಿಜ್‌ನ ಬಾಗಿಲಿಗೆ ಬರುತ್ತದೆ. ಫ್ಯೂಸ್ ಹೋಗುವುದಿಲ್ಲ, ಯಾಕೆಂದರೆ ಹೆಚ್ಚು ಕರೆಂಟ್ ಎಲ್ಲೂ ಹರಿಯುತ್ತಿಲ್ಲ. ಲೈಟ್ ಹೋಯಿತು ಅಂದುಕೊಂಡು ಕತ್ತಲಲ್ಲಿ ಫ್ರಿಜ್ ಮುಟ್ಟಿದವರ ಗತಿ ಏನು? ಅರ್ತ್ ಇಲ್ಲದೆ ಇರುವುದಕ್ಕಿಂತ ಈ ಲಿಂಕ್ ಹೆಚ್ಚು ಅಪಾಯ. ಸ್ವಂತಕೆಲಸ ಅವರೇ, ನಿಮ್ಮ ಮನೆಯ ಲಿಂಕ್‌ಗಳನ್ನೂ ಈ ವಾರವೇ ತೆಗೆಸಿ, ಅರ್ತ್ ವೈರ್ ಎಳೆಸಿ.

ಹಳೇಮನೆ_ಸಾಗರ

ಮಾಡಿ ನೋಡಿದೆ. ದೇವರಮನೆ ಸ್ವಿಚ್ ಆನ್ ಇದ್ದರೆ ಮೇಲಿನ ತೂತಿನಲ್ಲಿ ಟೆಸ್ಟರ್ ಚೆನ್ನಾಗಿ ಉರಿಯುತ್ತದೆ. ಆಫ್ ಮಾಡಿದ ತಕ್ಷಣ ಆರುತ್ತದೆ. ನನಗೆ ನಂಬಲು ಆಗಲಿಲ್ಲ, ಮಗಳನ್ನು ಅಲ್ಲಿ ನಿಲ್ಲಿಸಿ ಮತ್ತೆ ಮತ್ತೆ ಆನ್ ಆಫ್ ಮಾಡಿಸಿದೆ. ಪ್ರತಿ ಸಲವೂ ಅದೇ.

ಹಳೇ ಸಾಕೆಟ್ ಬಿಚ್ಚುವ ಮುಂಚೆ ಫೋಟೊ ತೆಗೆದಿಟ್ಟಿದ್ದೆ. ಅದರಲ್ಲಿ ಬಲಗಡೆ ಸ್ಕ್ರೂಗೆ ಒಂದು ಕೆಂಪು ವೈರ್. ಇನ್ನೊಂದು ಸ್ಕ್ರೂಗೆ ಕಪ್ಪು ಮತ್ತು ಹಸಿರು ಎರಡೂ ಒಟ್ಟಿಗೆ ತಿರುಚಿ ಹಾಕಿದ್ದಾರೆ. ಮೇಲಿನ ಅರ್ತ್ ಸ್ಕ್ರೂ ಖಾಲಿ.

ವೈರ್‌ಮನ್_ದಾವಣಗೆರೆ

ಆ ಫೋಟೊ ತೆಗೆದಿದ್ದು ತುಂಬಾ ಒಳ್ಳೇದಾಯ್ತು ಅಕ್ಕಾ. ಅರ್ಧ ಕೆಲಸ ಅಲ್ಲೇ ಮುಗೀತು.

ನಿಮ್ಮ ಹಸಿರು ವೈರ್ ಅರ್ತ್ ಅಲ್ಲ. ಅದು ದೇವರಮನೆ ಲೈಟಿನ ನ್ಯೂಟ್ರಲ್. ಅವತ್ತು ವೈರಿಂಗ್ ಮಾಡಿದವರ ಕೈಯಲ್ಲಿ ಕಪ್ಪು ವೈರ್ ಮುಗಿದಿರಬೇಕು, ಉಳಿದಿದ್ದ ಹಸಿರು ತುಂಡಿನಲ್ಲಿ ನ್ಯೂಟ್ರಲ್ ಎಳೆದಿದ್ದಾರೆ. ಅಡುಗೆಮನೆ ಸಾಕೆಟ್‌ಗೆ ಬಂದ ಕಪ್ಪು ನ್ಯೂಟ್ರಲ್‌ಗೆ ಹಸಿರನ್ನು ಜೋಡಿಸಿ ಅಲ್ಲಿಂದ ಮುಂದಕ್ಕೆ ಲೂಪ್ ಕೊಟ್ಟಿದ್ದಾರೆ. ಹಳೇ ಸಾಕೆಟ್‌ನಲ್ಲಿ ಕಪ್ಪು ಹಸಿರು ಒಂದೇ ಸ್ಕ್ರೂನಲ್ಲಿ ಇದ್ದದ್ದು ಅದಕ್ಕೇ. ಇಷ್ಟು ವರ್ಷ ದೀಪ ಉರಿದಿದ್ದೂ ಅದರಿಂದಲೇ.

ಈಗ ಹುಡುಗ ಹಸಿರು ಅಂದರೆ ಅರ್ತ್ ಅಂತ ಬಿಡಿಸಿ ಮೇಲಿನ ಪಿನ್‌ಗೆ ಹಾಕಿದ. ಆ ಪಿನ್‌ಗೆ ನೆಲದಿಂದ ಬಂದ ಅರ್ತ್ ವೈರ್ ಇಲ್ಲವೇ ಇಲ್ಲ. ಹಾಗಾಗಿ ದೇವರಮನೆ ದೀಪಕ್ಕೆ ವಾಪಸ್ ಹೋಗುವ ದಾರಿ ಕಟ್ ಆಯ್ತು, ದೀಪ ಹತ್ತಲಿಲ್ಲ. ಸ್ವಿಚ್ ಆನ್ ಮಾಡಿದರೆ ಫೇಸ್ ಬಲ್ಬ್ ಒಳಗಿಂದ ಹಾದು ಹಸಿರು ವೈರ್ ಹಿಡಿದು ಅರ್ತ್ ಪಿನ್‌ಗೆ ಬರುತ್ತೆ. ಅಲ್ಲಿಂದ ಗ್ರೈಂಡರ್ ಡ್ರಮ್‌ಗೆ, ಅಲ್ಲಿಂದ ನಿಮ್ಮ ಕೈಗೆ. ಆಫ್ ಮಾಡಿದಾಗ ಟೆಸ್ಟರ್ ಆರುವುದೇ ಇದಕ್ಕೆ ಸಾಕ್ಷಿ.

ಇವತ್ತು ಜುಂ ಅಂದು ಬಿಟ್ಟಿತು ಅಂತ ಹಗುರವಾಗಿ ತಗೋಬೇಡಿ. 30 ಮಿಲಿಆಂಪ್ ದಾಟಿದರೆ ಮನುಷ್ಯನ ಹೃದಯಕ್ಕೆ ಅಪಾಯ. ಹಳೇ ಕಾಲದ 60 ವ್ಯಾಟ್ ಬಲ್ಬ್ ಉರಿಯುವಾಗ ಅದರೊಳಗೆ ಸುಮಾರು 260 ಮಿಲಿಆಂಪ್ ಹರಿಯುತ್ತೆ. ಬಲ್ಬ್ ನಡುವೆ ಇದೆ ಅನ್ನುವುದು ರಕ್ಷಣೆಯೇ ಅಲ್ಲ. ಮಳೆಗಾಲ, ಒದ್ದೆ ನೆಲ, ಹಿಟ್ಟಿನ ಕೈ ಬೇರೆ.

ಈಗ ಮಾಡಬೇಕಾದ್ದು: ಮೇನ್ ಸ್ವಿಚ್ ಆಫ್. ಯುಪಿಎಸ್ ಕೂಡ ಆಫ್, ಬರೀ ಅದರ ಪ್ಲಗ್ ಕಿತ್ತರೆ ಸಾಲದು, ಪ್ಲಗ್ ಕಿತ್ತರೆ ಅದು ಕರೆಂಟ್ ಹೋಯ್ತು ಅಂದುಕೊಂಡು ಬ್ಯಾಟರಿಯಿಂದ ಲೈನ್‌ಗೆ ಕರೆಂಟ್ ಬಿಡುತ್ತೆ. ಅದರ ಮುಂದಿನ ಸ್ವಿಚ್ ಆಫ್ ಮಾಡಿ, ಔಟ್‌ಪುಟ್ ವೈರ್ ಬಿಡಿಸಿ. ಮೇನ್ ಆಫ್ ಮಾಡಿದ್ದೀವಿ ಅಂತ ಧೈರ್ಯವಾಗಿ ಬೋರ್ಡ್ ಬಿಚ್ಚಿ ಯುಪಿಎಸ್ ಲೈನ್‌ನಲ್ಲಿ ಹೊಡೆಸಿಕೊಂಡವರು ಬಹಳ ಜನ. ಆಮೇಲೆ ಎಲ್ಲಾ ವೈರ್‌ಗೂ ಟೆಸ್ಟರ್ ಇಟ್ಟು ಖಾತ್ರಿ ಮಾಡಿಕೊಂಡು, ಹಸಿರನ್ನು ಮತ್ತೆ ಕಪ್ಪಿನ ಜೊತೆ ನ್ಯೂಟ್ರಲ್‌ಗೆ ಹಾಕಿಸಿ. ಆ ಹಸಿರಿನ ಎರಡೂ ತುದಿಗೆ, ಸಾಕೆಟ್ ಹತ್ತಿರವೂ ದೇವರಮನೆ ಬೋರ್ಡ್ ಹತ್ತಿರವೂ, ಕಪ್ಪು ಟೇಪ್ ಸುತ್ತಿಸಿ. ನಾಳೆ ಬೋರ್ಡ್ ಬಿಚ್ಚುವವನಿಗೆ ಅದೇ ಎಚ್ಚರಿಕೆ. ಅರ್ತ್ ಪಿನ್ ಸದ್ಯಕ್ಕೆ ಖಾಲಿ ಇರಲಿ. ಖಾಲಿ ಇರುವವರೆಗೆ ಗ್ರೈಂಡರ್, ಇಸ್ತ್ರಿ ಪೆಟ್ಟಿಗೆ ಇಂಥ ಲೋಹದ ಮೈಯ ಯಾವುದೂ ಆ ಸಾಕೆಟ್‌ಗೆ ಬೇಡ. ಮಿಕ್ಸಿದು ಪ್ಲಾಸ್ಟಿಕ್ ಮೈ ಇದ್ದರೆ ನಡೆಯುತ್ತೆ.

ಆ ಹುಡುಗನಿಗೆ ಬೈಯಬೇಡಿ. ಆದರೆ ಇಷ್ಟು ಹೇಳಿ: ಹಳೇ ಮನೆಯಲ್ಲಿ ವೈರ್ ಬಣ್ಣ ನೋಡಿ ಕನೆಕ್ಷನ್ ಕೊಡಬಾರದು. ಬಣ್ಣ ಅನ್ನೋದು ಹಿಂದಿನ ವೈರ್‌ಮನ್ ಹೇಳಿಹೋದ ಮಾತು ಅಷ್ಟೇ, ಅವನು ನಿಜ ಹೇಳಿದ್ದಾನಾ ಅಂತ ಟೆಸ್ಟ್ ಲ್ಯಾಂಪ್ (ಎರಡು ವೈರ್ ಬಿಟ್ಟ ಬಲ್ಬ್) ಹಿಡಿದು ಕೇಳಬೇಕು.

ಕಡಲಬದಿ_ಕುಂದಾಪುರ

ಮೀನಿನ ವಾಸನೆ ಬಗ್ಗೆ ಒಂದು ಮಾತು. ಸಾಕೆಟ್, ಸ್ವಿಚ್‌ಗಳ ಕೆಲವು ಬಗೆಯ ಪ್ಲಾಸ್ಟಿಕ್ ಬಿಸಿಯಾಗಿ ಕರಗುವ ಮುಂಚೆ ಹಾಗೇ ವಾಸನೆ ಬರುತ್ತದೆ. ನಮ್ಮ ಕಡೆ ಮನೆಯಲ್ಲಿ ದಿನಾ ಮೀನು ಇರುವುದರಿಂದ ಯಾರಿಗೂ ಅನುಮಾನವೇ ಬರುವುದಿಲ್ಲ, ಅದು ಇನ್ನೂ ಕಷ್ಟ. ಪ್ಲಗ್ ತೆಗೆದ ಕೂಡಲೇ ಪಿನ್ನಿನ ಹತ್ತಿರ ಬೆರಳು ತಂದು ನೋಡಿ, ಸುಡುತ್ತಿದ್ದರೆ ಒಳಗೆ ಹಿಡಿತ ಸಡಿಲವಾಗಿದೆ ಅಂತಲೇ ಅರ್ಥ.

ನಮ್ಮಲ್ಲಿ ಕಡಲ ಗಾಳಿಗೆ ಹಿತ್ತಾಳೆ ಸ್ಕ್ರೂಗಳಿಗೆ ಕಿಲುಬು ಹಿಡಿಯುತ್ತದೆ. ಹಸಿರು ಪುಡಿ ಕೂತು, ಮೇಲಿಂದ ನೋಡಿದರೆ ವೈರ್ ಗಟ್ಟಿಯಾಗಿಯೇ ಇದೆ ಅನ್ನಿಸುತ್ತದೆ, ಒಳಗೆ ಕರೆಂಟ್ ಹಾದುಹೋಗಲು ಜಾಗವೇ ಇಲ್ಲ, ಅಲ್ಲೇ ಬಿಸಿ. ಹೊಸ ಸಾಕೆಟ್ ಹಾಕುವಾಗ ಆ ಹಳೇ ಕಪ್ಪಾದ ತುದಿಯನ್ನೇ ಮತ್ತೆ ತುರುಕುತ್ತಾರೆ. ತುದಿ ಕತ್ತರಿಸಿ, ಒಳಗಿನ ತಾಮ್ರ ಕೆಂಪಗೆ ಹೊಳೆಯುವ ಕಡೆಯಿಂದ ಹಾಕಬೇಕು. ವೈರ್ ಗಿಡ್ಡವಾಗುತ್ತದೆ ಅಂತ ಹೆದರಿ ಬಿಡುವುದು ಬೇಡ, ಗಿಡ್ಡವಾದರೆ ಸ್ಕ್ರೂ ಇರುವ ಕನೆಕ್ಟರ್ ಹಾಕಿ ತುಂಡು ಸೇರಿಸಬಹುದು. ಬರೀ ತಿರುಚಿ ಟೇಪ್ ಸುತ್ತಿದರೆ ಒಂದೆರಡು ಮಳೆಗಾಲಕ್ಕೆ ಟೇಪಿನ ಅಂಟು ಬಿಟ್ಟು ಜಾರುತ್ತದೆ.

ಮರದ ಬೋರ್ಡಿನ ಹಿಂದೆ ಗೆದ್ದಲು ಮಣ್ಣು, ಇರುವೆ ಗೂಡು ಇದ್ದೇ ಇರುತ್ತದೆ. ಮಳೆಗಾಲದಲ್ಲಿ ಆ ಮಣ್ಣು ತೇವ ಹೀರಿ ಫೇಸ್‌ನಿಂದ ಗೋಡೆಗೆ ಕರೆಂಟ್ ಹರಿಸುತ್ತದೆ. ಸಾಕೆಟ್ ಒಂದನ್ನೇ ಬದಲಿಸುವ ಬದಲು ಬೋರ್ಡನ್ನೇ ತೆಗೆದು ಪಿವಿಸಿ ಬಾಕ್ಸ್ ಹಾಕಿಸಿ. ಹಳೇ ಮರದ ಬೋರ್ಡಿನ ಅಳತೆಗೆ ಈಗಿನ ಮಾಡ್ಯುಲರ್ ಪ್ಲೇಟ್ ಕೂರುವುದೂ ಇಲ್ಲ.

ಮೂರನೇ_ಮಹಡಿ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್, ತೊಂದರೆ ಬೇರೆ. ಬೆಡ್‌ರೂಮಿನಲ್ಲಿ ಸಡಿಲವಾಗಿದ್ದ ಸಾಕೆಟ್ ಬದಲಿಸಿದ ಮೇಲೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗೇ ಲೈನ್ ಕತ್ತರಿಸುವ ಸ್ವಿಚ್) ಪದೇ ಪದೇ ಬೀಳುತ್ತಿದೆ. ವಿಚಿತ್ರ ಏನೆಂದರೆ ಆ ಸಾಕೆಟ್‌ನ ಎಂಸಿಬಿ ಆಫ್ ಮಾಡಿಟ್ಟರೂ, ಹಾಲ್‌ನಲ್ಲಿ ಫ್ಯಾನ್ ಹಾಕಿದ ಕೂಡಲೇ ಬೀಳುತ್ತದೆ. ಆಫ್ ಆಗಿರುವ ಸಾಕೆಟ್‌ನಿಂದ ಹೇಗೆ ಬೀಳೋಕೆ ಸಾಧ್ಯ? ಕರೆಸಿದ ಎಲೆಕ್ಟ್ರಿಷಿಯನ್ ಆರ್‌ಸಿಸಿಬಿಯೇ ಹಾಳಾಗಿದೆ, ಅದನ್ನು ತೆಗೆದು ನೇರ ಕೊಡ್ತೀನಿ ಅಂದರು. ನಾನು ಬೇಡ ಅಂದೆ.

ಐಟಿಐ_ಮೇಷ್ಟ್ರು

ಬೇಡ ಅಂದಿದ್ದು ಸರಿ. ಆರ್‌ಸಿಸಿಬಿ ತನ್ನ ಕೆಲಸ ಮಾಡುತ್ತಿದೆ, ಅದನ್ನು ಯಾವ ಕಾರಣಕ್ಕೂ ತೆಗೆಸಬೇಡಿ.

ಮನೆಯ ಸಾಮಾನ್ಯ ಎಂಸಿಬಿ ಫೇಸನ್ನು ಮಾತ್ರ ಕತ್ತರಿಸುತ್ತದೆ. ಅದು ಆಫ್ ಇದ್ದರೂ ಆ ಸಾಕೆಟ್‌ನ ಕಪ್ಪು ವೈರ್ ಡಿಬಿ (ಎಂಸಿಬಿಗಳಿರುವ ಪೆಟ್ಟಿಗೆ) ಒಳಗಿನ ನ್ಯೂಟ್ರಲ್ ಪಟ್ಟಿಗೆ ಸೇರಿಕೊಂಡೇ ಇರುತ್ತದೆ. ಸಾಕೆಟ್ ಹಿಂದೆ ಎಲ್ಲೋ ನ್ಯೂಟ್ರಲ್ ಅರ್ತ್‌ಗೆ ತಾಗಿದೆ. ಹಾಲ್‌ನ ಫ್ಯಾನ್ ಹಾಕಿದಾಗ ಅದರ ಕರೆಂಟ್ ವಾಪಸ್ ನ್ಯೂಟ್ರಲ್ ಪಟ್ಟಿಗೆ ಬರುತ್ತದೆ, ಅಲ್ಲಿಂದ ಒಂದು ಪಾಲು ಬೆಡ್‌ರೂಮಿನ ಕಪ್ಪು ವೈರ್ ಹಿಡಿದು ಅರ್ತ್‌ಗೆ ಇಳಿಯುತ್ತದೆ. ಹೋದ ಕರೆಂಟ್ ಪೂರ್ತಿ ತನ್ನ ಮೂಲಕ ವಾಪಸ್ ಬರಲಿಲ್ಲ ಅಂತ ಆರ್‌ಸಿಸಿಬಿ ಬೀಳುತ್ತದೆ. ಮನೆಗಳಲ್ಲಿ ಹಾಕುವ ಆರ್‌ಸಿಸಿಬಿ 30 ಮಿಲಿಆಂಪ್ ವ್ಯತ್ಯಾಸಕ್ಕೇ ಬೀಳಬೇಕು.

ಮೂರು ಕಡೆ ನೋಡಿಸಿ. ಸಾಕೆಟ್‌ನ ಹಿಂಭಾಗದಲ್ಲಿ ಕಪ್ಪು, ಹಸಿರು ಅದಲುಬದಲಾಗಿದೆಯಾ? ಎದುರಿನಿಂದ ನೋಡಿದರೆ ಬಲಗಡೆ ಫೇಸ್, ಎಡಗಡೆ ನ್ಯೂಟ್ರಲ್, ಮೇಲೆ ಅರ್ತ್. ಹಿಂದಿನಿಂದ ನೋಡುವಾಗ ಎಡಬಲ ತಿರುಗುಮುರುಗು ಆಗುತ್ತದೆ, ಹಾಗಾಗಿ ನೆನಪಿನಿಂದ ಹಾಕದೆ ಅಲ್ಲಿ ಮೂಡಿಸಿರುವ ಎಲ್, ಎನ್, ಇ ಅಕ್ಷರಗಳನ್ನು ನೋಡಿ ಹಾಕಬೇಕು. ಆಮೇಲೆ, ಕಪ್ಪು ವೈರ್‌ನ ಒಂದು ಎಳೆ ಸ್ಕ್ರೂ ಹೊರಗೆ ಉಳಿದು ಕಬ್ಬಿಣದ ಬಾಕ್ಸ್‌ಗೆ ತಾಗಿದೆಯಾ? ಕೊನೆಯದಾಗಿ, ಪ್ಲೇಟ್ ಕೂರಿಸುವ ಉದ್ದ ಸ್ಕ್ರೂ ಒಳಗಿರುವ ವೈರಿನ ಪ್ಲಾಸ್ಟಿಕ್ ಸೀಳಿದೆಯಾ? ನನಗೆ ಕೊನೆಯದರ ಮೇಲೇ ಜಾಸ್ತಿ ಅನುಮಾನ. ಬಿಚ್ಚುವಾಗ ಆ ಎಂಸಿಬಿ ಒಂದೇ ಅಲ್ಲ, ಡಿಬಿಯ ಮೇನ್ ಪೂರ್ತಿ ಆಫ್ ಮಾಡಿಸಿ.

ಮೂರನೇ_ಮಹಡಿ

ಮೇಷ್ಟ್ರೇ, ಮೂರನೆಯದೇ! ಬೇರೆ ಎಲೆಕ್ಟ್ರಿಷಿಯನ್ ಕರೆಸಿ ಬಿಚ್ಚಿಸಿದೆ. ಎಡಗಡೆ ಸ್ಕ್ರೂ ಬೇಕಾದ್ದಕ್ಕಿಂತ ಉದ್ದ ಇತ್ತು, ಮಡಚಿ ಒತ್ತಿಟ್ಟಿದ್ದ ಕಪ್ಪು ವೈರಿನ ಹೊಟ್ಟೆಗೆ ಸರಿಯಾಗಿ ಚುಚ್ಚಿಕೊಂಡಿತ್ತು. ಸ್ಕ್ರೂ ತುದಿಯಲ್ಲಿ ತಾಮ್ರದ ಗೀರು ಕಾಣುತ್ತಿತ್ತು. ಆ ಭಾಗ ಕತ್ತರಿಸಿ, ಗಿಡ್ಡ ಸ್ಕ್ರೂ ಹಾಕಿದರು. ಆಮೇಲೆ ಒಂದು ಸಲವೂ ಬಿದ್ದಿಲ್ಲ. ಸ್ಕ್ರೂ ಫೇಸ್ ವೈರ್‌ಗೆ ಚುಚ್ಚಿದ್ದರೆ ಅಂತ ಯೋಚಿಸಿದರೆ ಈಗಲೂ ಮೈ ನಡುಗುತ್ತದೆ.

ಹಳೇಮನೆ_ಸಾಗರ

ಎಲ್ಲರಿಗೂ ತುಂಬು ಹೃದಯದ ಧನ್ಯವಾದ. ದಾವಣಗೆರೆ ಅಣ್ಣ ಹೇಳಿದ ಹಾಗೇ ಆಗಿತ್ತು. ಸಾಗರದಿಂದ ಲೈಸೆನ್ಸ್ ಇರುವವರನ್ನೇ ಕರೆಸಿದೆ. ಅವರು ಒಂದು ಹೋಲ್ಡರ್‌ಗೆ ಬಲ್ಬ್ ಹಾಕಿ ಎರಡು ವೈರ್ ಬಿಟ್ಟುಕೊಂಡು ಬಂದಿದ್ದರು, ಒಂದೊಂದೇ ವೈರ್ ಹಿಡಿದು ಪರೀಕ್ಷೆ ಮಾಡಿ ನಮಗೂ ತೋರಿಸಿದರು. ಹಸಿರು ಕಪ್ಪಿನ ಜೊತೆ ಸೇರಿದ ಕೂಡಲೇ ದೇವರಮನೆ ದೀಪ ಹತ್ತಿತು, ಅರ್ತ್ ತೂತಿನಲ್ಲಿ ಟೆಸ್ಟರ್ ಉರಿಯುವುದು ನಿಂತಿತು. ಮರದ ಬೋರ್ಡಿನ ಹಿಂದೆ ಮುಷ್ಟಿ ತುಂಬ ಗೆದ್ದಲು ಮಣ್ಣು ಸಿಕ್ಕಿತು, ಕುಂದಾಪುರದವರು ಹೇಳಿದ್ದು ಸುಳ್ಳಲ್ಲ.

ಈಗ ಕೊನೆಯ ಪ್ರಶ್ನೆ. ಸಾಕೆಟ್ 16 ಆಂಪ್ ಇದೆಯಲ್ಲ, ಇಂಡಕ್ಷನ್ ಅದರಲ್ಲೇ ಬಳಸಬಹುದಾ? ಒಲೆ 2000 ವ್ಯಾಟ್. ಬಂದವರು "ವೈರ್ ತೆಳ್ಳಗಿದೆ, ಬೇರೆ ಲೈನ್ ಎಳೀಬೇಕು" ಅಂದರು. ಮನೆಯಲ್ಲಿ ಎಲ್ಲರೂ, ಇಷ್ಟು ದಿನ ಓಡಿಲ್ವಾ, ಸುಮ್ನೆ ಯಾಕೆ ಖರ್ಚು ಅನ್ನುತ್ತಿದ್ದಾರೆ.

ವೈರ್‌ಮನ್_ದಾವಣಗೆರೆ

ಬಂದವರು ಹೇಳಿದ್ದು ನೂರಕ್ಕೆ ನೂರು ಸರಿ. ಮನೆಯವರಿಗೆ ಈ ಲೆಕ್ಕ ತೋರಿಸಿ. ನಮ್ಮ ವೋಲ್ಟೇಜ್ 230. 2000 ವ್ಯಾಟ್‌ಗೆ ಸುಮಾರು 8.7 ಆಂಪ್. ನಿಮ್ಮ ಹಳೇ ಸಾಕೆಟ್ 5-6 ಆಂಪ್‌ದು. ಹಾಗಾಗಿ ಅದು ಸುಟ್ಟಿದ್ದು ಹಳೇದಾಯ್ತು ಅಂತ ಮಾತ್ರ ಅಲ್ಲ, ಅದರ ಶಕ್ತಿ ಮೀರಿ ಎಳೆದಿದ್ದಕ್ಕೆ. ನಡುವೆ ಕನ್ವರ್ಟರ್ ಬೇರೆ. ದಪ್ಪ ಪಿನ್ ಸಣ್ಣ ತೂತಿಗೆ ಹೋಗಬಾರದು ಅಂತಲೇ ಎರಡು ಅಳತೆ ಮಾಡಿರುವುದು, ಕನ್ವರ್ಟರ್ ಆ ತಡೆಯನ್ನೇ ತೆಗೆದುಹಾಕುತ್ತೆ.

ಈಗ 16 ಆಂಪ್ ಸಾಕೆಟ್ ಬಂತು, ಅದು ಸುಡಲ್ಲ. ಆದರೆ ಬಿಸಿ ಎಲ್ಲಿಗೆ ಹೋಯ್ತು? ಮರದ ಪಟ್ಟಿಯೊಳಗಿನ ವೈರ್‌ಗೆ ಹೋಯ್ತು. ಮೊದಲು ಸಾಕೆಟ್ ವಾಸನೆ ಬಂದು ಹೇಳುತ್ತಿತ್ತು. ಇನ್ನು ಮುಂದೆ ಬಿಸಿಯಾಗೋದು ಪಟ್ಟಿಯೊಳಗೆ, ಕಣ್ಣಿಗೆ ಕಾಣದ ಕಡೆ, ಅದೂ ಒಣಗಿದ ಮರದ ನಡುವೆ. ಆ ಕಾಲದ ಲೈಟ್ ಲೈನ್‌ಗೆ 3/22 (22 ಗೇಜಿನ ಮೂರು ಎಳೆ) ಅಥವಾ 1/18 (18 ಗೇಜಿನ ಒಂದೇ ಎಳೆ) ವೈರ್ ಹಾಕುತ್ತಿದ್ದರು, ಎರಡೂ ಈಗಿನ ಲೆಕ್ಕದಲ್ಲಿ ಸುಮಾರು 1.2 ಸ್ಕ್ವೇರ್ ಎಂಎಂ. ಅದರ ಮೇಲಿನ ಪ್ಲಾಸ್ಟಿಕ್‌ಗೆ ನಲವತ್ತು ವರ್ಷ ವಯಸ್ಸಾಗಿದೆ, ಮಡಚಿದರೆ ಸಿಡಿಯುತ್ತೆ. ಅದೇ ವೈರ್‌ನಲ್ಲಿ ದೇವರಮನೆ ದೀಪವೂ ಲೂಪ್ ಆಗಿದೆ.

ಪಿಂಗಾಣಿ ಫ್ಯೂಸ್ ತೆಗೆದು ಒಳಗೆ ಯಾವ ತಂತಿ ಇದೆ ನೋಡಿಸಿದಿರಾ? ಪದೇ ಪದೇ ಹೋಗುತ್ತೆ ಅಂತ ಬೇಜಾರಾಗಿ ದಪ್ಪ ತಾಮ್ರದ ಎಳೆ ಕಟ್ಟಿರುತ್ತಾರೆ. ಹಾಗಿದ್ದರೆ ವೈರ್ ಕಾಯಲು ಯಾರೂ ಇಲ್ಲ ಅಂತ ಅರ್ಥ.

ಮಾಡಿಸಬೇಕಾದ್ದು ಇಷ್ಟು. ಮೀಟರ್ ಬೋರ್ಡಿನಿಂದ ಅಡುಗೆಮನೆಗೆ ಬೇರೆ ಲೈನ್, 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್, ಐಎಸ್‌ಐ ಗುರುತು ನೋಡಿ ತಗೊಳ್ಳಿ. ಫೇಸ್, ನ್ಯೂಟ್ರಲ್, ಅರ್ತ್ ಮೂರೂ, ಪಿವಿಸಿ ಪೈಪ್ ಒಳಗೆ. ಅದಕ್ಕೆ ಅದರದ್ದೇ 16 ಆಂಪ್ ಎಂಸಿಬಿ. ನಿಮ್ಮದು ಗೋಡೆ ಮೇಲಿನ ವೈರಿಂಗ್, ಗೋಡೆ ಒಡೆಯುವ ಕೆಲಸ ಇಲ್ಲ. ಇದರ ಜೊತೆ ಮೇನ್‌ನಲ್ಲಿ 30 ಮಿಲಿಆಂಪ್ ಆರ್‌ಸಿಸಿಬಿಯೂ ಹಾಕಿಸಿ. ಆದರೆ ಮೊದಲು ಮನೆಯ ಎಲ್ಲಾ ಬೋರ್ಡ್ ಬಿಚ್ಚಿ ಇಂಥ ಹಸಿರು ನ್ಯೂಟ್ರಲ್ ಇನ್ನೆಲ್ಲಿದೆ ಅಂತ ಹುಡುಕಿಸಿ. ನ್ಯೂಟ್ರಲ್ ಅರ್ತ್ ಎಲ್ಲಾದರೂ ಸೇರಿಕೊಂಡಿದ್ದರೆ ಆರ್‌ಸಿಸಿಬಿ ನಿಲ್ಲುವುದೇ ಇಲ್ಲ, ಆಗ ಯಾರಾದರೂ ಬಂದು ತೆಗೆದು ನೇರ ಕೊಡ್ತೀನಿ ಅಂತಾರೆ, ಮೇಲೆ ಒಬ್ಬರು ಬರೆದ ಹಾಗೆ.

ಹಳೇ ಮನೆಯಲ್ಲಿ ಅಲ್ಯುಮಿನಿಯಂ ವೈರ್ ಇದ್ದರೆ ಅದನ್ನೂ ಹೊಸ ತಾಮ್ರವನ್ನೂ ಒಂದೇ ಸ್ಕ್ರೂ ಕೆಳಗೆ ಹಾಕಲು ಬಿಡಬೇಡಿ. ಎರಡೂ ಸೇರಿದ ಕಡೆ ಬೂಸ್ಟು ಹಿಡಿದ ಹಾಗೆ ಬಿಳಿ ಪುಡಿ ಬಂದು, ಸಡಿಲವಾಗಿ, ಬಿಸಿಯಾಗುತ್ತೆ.

ಐಟಿಐ_ಮೇಷ್ಟ್ರು

ಒಂದು ಕಾನೂನಿನ ವಿಷಯವನ್ನೂ ಸೇರಿಸುತ್ತೇನೆ. 1956ರ ವಿದ್ಯುತ್ ನಿಯಮಗಳಲ್ಲೂ 2010ರ ಸುರಕ್ಷತಾ ನಿಯಮಗಳಲ್ಲೂ ಇದ್ದ ಮಾತು ಇದು: ಬಲ್ಬ್, ಫ್ಯಾನ್, ಫ್ಯೂಸ್, ಸ್ವಿಚ್ ಇಂಥವನ್ನು ಇದ್ದದ್ದಕ್ಕೆ ಇದ್ದ ಹಾಗೇ ಬದಲಿಸಿದರೆ ತೊಂದರೆಯಿಲ್ಲ, ಆದರೆ ವೈರಿಂಗ್‌ನ ಸಾಮರ್ಥ್ಯ ಅಥವಾ ಸ್ವರೂಪ ಬದಲಾಗುವ ಕೆಲಸವನ್ನು ಲೈಸೆನ್ಸ್ ಇರುವ ಗುತ್ತಿಗೆದಾರರೇ ಮಾಡಬೇಕು. 6 ಆಂಪ್ ತೆಗೆದು 16 ಆಂಪ್ ಹಾಕಿ ಹೊಸ ಲೈನ್ ಎಳೆಯುವುದು ಎರಡನೇ ಬಗೆಗೆ ಬರುತ್ತದೆ. ಕೆಲಸ ಮುಗಿದ ಮೇಲೆ ಅವರಿಂದ ಬರಹದಲ್ಲಿ ಪಡೆದುಕೊಳ್ಳಿ.

ನಿಮ್ಮ ಮೆಸ್ಕಾಂ ಬಿಲ್‌ನಲ್ಲಿ ಮಂಜೂರಾದ ಲೋಡ್ ಎಷ್ಟು ಅಂತ ಇರುತ್ತದೆ, ನೋಡಿ. ಹಳೇ ಮನೆಗಳಿಗೆ ತುಂಬಾ ಕಡಿಮೆ ಇರಬಹುದು. 2000 ವ್ಯಾಟ್ ಅಂದರೆ ಆ ಒಲೆ ಒಂದೇ 2 ಕಿಲೋವ್ಯಾಟ್. ಕಡಿಮೆ ಇದ್ದರೆ ಹೆಚ್ಚಿಸಲು ಅರ್ಜಿ ಕೊಡಿ. ಮೇನ್ ಸ್ವಿಚ್ಚೇ ಸುಟ್ಟಿದ್ದರೆ ಅಥವಾ ಆಫ್ ಆಗದಿದ್ದರೆ ನೀವಾಗಿ ಕೈ ಹಾಕದೆ 1912ಕ್ಕೆ ಫೋನ್ ಮಾಡಿ, ಲೈನ್‌ಮನ್ ಕಂಬದಲ್ಲೇ ಬಿಡಿಸಿಕೊಡಲಿ.

ಮೀಟರ್ ಹತ್ತಿರ ಅರ್ತ್ ಗುಂಡಿ ಇದೆಯೇ, ಅಲ್ಲಿಂದ ಬರುವ ತಂತಿ ತುಕ್ಕು ಹಿಡಿದು ತುಂಡಾಗಿಲ್ಲ ತಾನೇ? ಹೊಸ ಲೈನಿನ ಅರ್ತ್ ವೈರ್ ಎಷ್ಟೇ ಚೆನ್ನಾಗಿದ್ದರೂ ಅದು ನೆಲಕ್ಕೆ ಮುಟ್ಟದಿದ್ದರೆ ಬರೀ ಅಲಂಕಾರ. ಕೆಲಸ ಮಾಡುವವರು ಮಲ್ಟಿಮೀಟರ್ ಹಿಡಿದು ತೋರಿಸಲಿ: ಫೇಸ್‌ನಿಂದ ನ್ಯೂಟ್ರಲ್‌ಗೆ 230ರ ಆಸುಪಾಸು, ಫೇಸ್‌ನಿಂದ ಅರ್ತ್‌ಗೂ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್‌ನಿಂದ ಅರ್ತ್‌ಗೆ ಕೆಲವೇ ವೋಲ್ಟ್.

ಹಳೇಮನೆ_ಸಾಗರ

ಆ ಲೆಕ್ಕವನ್ನು ಮನೆಯವರಿಗೆ ಓದಿ ಹೇಳಿದೆ. "ಮರದ ಪಟ್ಟಿಯೊಳಗೆ ಬಿಸಿ" ಅನ್ನುವಲ್ಲಿ ಅತ್ತೆಯೇ ಹೊಸ ಲೈನ್ ಎಳೆಸಿ ಅಂದರು. ಫ್ಯೂಸ್ ತೆಗೆಸಿ ನೋಡಿದೆವು, ಹೌದು, ಎರಡೆಳೆ ದಪ್ಪ ತಾಮ್ರದ ತಂತಿ ಕಟ್ಟಿತ್ತು. ಅರ್ತ್ ಗುಂಡಿ ಹಿತ್ತಿಲ ಕಡೆ ಇದೆ, ತಂತಿ ಮೇಲೆ ಚೆನ್ನಾಗಿದೆ, ಮಣ್ಣಿಗೆ ಇಳಿಯುವ ಕಡೆ ಕೈಯಲ್ಲಿ ಹಿಡಿದರೆ ಅಲ್ಲಾಡುತ್ತದೆ. ಅದನ್ನೂ ಸರಿ ಮಾಡಿಸುತ್ತೇವೆ. ಬಿಲ್‌ನಲ್ಲಿ ಲೋಡ್ 1 ಕಿಲೋವ್ಯಾಟ್ ಇದೆ, ಸೋಮವಾರ ಅರ್ಜಿ ಕೊಡುತ್ತೇವೆ. ಅಲ್ಲಿಯವರೆಗೆ ಇಂಡಕ್ಷನ್ ಕಪಾಟಿನಲ್ಲಿ, ಗ್ರೈಂಡರ್‌ಗೆ ರಜೆ, ದೋಸೆ ಹಿಟ್ಟು ಪಕ್ಕದ ಮನೆಯಲ್ಲಿ ರುಬ್ಬಿಸಿಕೊಳ್ಳುತ್ತಿದ್ದೇವೆ.

ಹೊಸ ಲೈನಿಗೆ ವೈರ್ ಎಷ್ಟು ತರಬೇಕು ಅಂತ ಹೇಗೆ ಲೆಕ್ಕ ಹಾಕುವುದು? ಮೀಟರ್ ಬೋರ್ಡಿನಿಂದ ಸಾಕೆಟ್‌ವರೆಗೆ ಗೋಡೆ ಹಿಡಿದು ಅಳೆದರೆ 14 ಮೀಟರ್ ಬರುತ್ತದೆ.

ವೈರ್‌ಮನ್_ದಾವಣಗೆರೆ

ಮೂರು ವೈರ್‌ಗೂ ತಲಾ 14, ಎರಡೂ ತುದಿಯಲ್ಲಿ ಬೋರ್ಡ್ ಒಳಗೆ ಬಿಡೋಕೆ, ಮೂಲೆ ತಿರುವಿಗೆ ಅಂತ ಒಂದೊಂದಕ್ಕೆ 2 ಮೀಟರ್ ಸೇರಿಸಿ 16 ಇಟ್ಟುಕೊಳ್ಳಿ. ಕೆಂಪು 16, ಕಪ್ಪು 16, ಹಸಿರು 16, ಮೂರೂ 2.5ದೇ. ಅಂಗಡಿಯಲ್ಲಿ ಬಿಡಿ ಮೀಟರ್ ಲೆಕ್ಕದಲ್ಲಿ ಕೊಡುತ್ತಾರೆ, ಪೂರ್ತಿ ಸುರುಳಿ ತಗೊಳ್ಳಬೇಕಾಗಿಲ್ಲ. ಮೂರು ಬಣ್ಣವನ್ನೂ ಕೇಳಿ ತಗೊಳ್ಳಿ ಅಕ್ಕಾ, ಕಪ್ಪು ಖಾಲಿ ಆಗಿದೆ ಅಂದರೆ ಬೇರೆ ಅಂಗಡಿಗೆ ಹೋಗಿ.